ಒಂದೇ ಉಸಿರಿನಲ್ಲಿ ಹತ್ತು ಪದ

ಕಬಡ್ಡಿ ಅಂಕಣದ ಪಕ್ಕದಲ್ಲಿ ಕೂತು ಕೆಲಸ ಮಾಡುವವರು ಅರ್ಧ ಆಟವನ್ನು ಕಿವಿಯಲ್ಲೇ ನೋಡುತ್ತಾರೆ. ಆ ಮಂಗಳವಾರ ಸಂಜೆ ನಾನು ಮ್ಯಾಟಿಗೆ ಬೆನ್ನು ಹಾಕಿ ಒಬ್ಬಳ ಪಾದಕ್ಕೆ ಟೇಪು ಸುತ್ತುತ್ತಿದ್ದೆ. ಹಿಂದೆ ನಮ್ಮ ರೇಡರ್ ಹುಡುಗಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ಎದುರಾಳಿಗಳ ಕಡೆ ನುಗ್ಗಿದ್ದಳು. ದನಿ ಥಟ್ಟನೆ ನಿಂತಿತು. ನಿಲ್ಲುವುದು ವಿಶೇಷವೇನಲ್ಲ, ಹಿಡಿದು ಬೀಳಿಸಿದರೆ ನಿಲ್ಲಲೇಬೇಕು. ಆದರೆ ಹಿಡಿದ ಕೂಡಲೇ ಹಿಡಿದವರ ಕೂಗಾಟ ಏಳುತ್ತದೆ. ಅವತ್ತು ಯಾರೂ ಕೂಗಲಿಲ್ಲ.

ತಿರುಗಿ ನೋಡಿದರೆ ಅವಳು ಮಗ್ಗುಲಾಗಿ ಬಿದ್ದಿದ್ದಾಳೆ. ಕಾಲು ಹಿಡಿದವಳೊಬ್ಬಳು, ಮೇಲೆ ಹಾರಿದವಳೊಬ್ಬಳು. ಹಾರಿದವಳ ಮೊಣಕಾಲು ಇವಳ ಕಿವಿಯ ಮೇಲ್ಭಾಗಕ್ಕೆ ಬಡಿದಿತ್ತು. ನಾನು ಓಡುವಷ್ಟರಲ್ಲಿ ಎದ್ದು ಕೂತಿದ್ದಳು. ರಕ್ತವಿಲ್ಲ, ಊತವಿಲ್ಲ. ಕೋಚ್ ಆಗಲೇ ಬಾಟಲಿ ತಂದು ಅವಳ ತಲೆಗೆ ನೀರು ಸುರಿಯುತ್ತಿದ್ದರು.

“ಎದ್ದೇಳಮ್ಮ, ಏನೂ ಆಗಿಲ್ಲ. ಇನ್ನೊಂದು ರೇಡ್ ಹಾಕು, ಎಲ್ಲ ಸರಿಹೋಗುತ್ತೆ.”

“ಎಷ್ಟ್ ಆತ್ರಿ ಸ್ಕೋರು?” ಎಂದಳು ಹುಡುಗಿ. ಹೇಳಿದೆವು. ನಾನು ಅವಳ ಕತ್ತು ನೋಡಿ, ಕಣ್ಣು ನೋಡುತ್ತಿದ್ದಾಗ ಮತ್ತೆ, “ಎಷ್ಟ್ ಆತ್ರಿ ಸ್ಕೋರು?” ಎಂದಳು. ಎರಡು ನಿಮಿಷದಲ್ಲಿ ಮೂರನೇ ಸಲ ಕೇಳಿದಾಗ ನಾನು ಎದ್ದು ಅವಳಿಗೂ ಕೋಚಿಗೂ ನಡುವೆ ನಿಂತೆ. “ಇವತ್ತಿಗೆ ಇವಳ ಆಟ ಮುಗೀತು ಸಾರ್. ಆಸ್ಪತ್ರೆಗೆ ಆಟೋ ಹೇಳಿ.”

ನನ್ನ ಫಿಸಿಯೋಥೆರಪಿ ಕ್ಲಿನಿಕ್ ಇರುವುದು ವಿಜಯನಗರದಲ್ಲಿ. ಮಂಗಳವಾರ, ಶುಕ್ರವಾರ ಸಂಜೆ ಮಾತ್ರ ಮಲ್ಲತ್ತಹಳ್ಳಿಯ ಶೆಡ್ಡಿನಲ್ಲಿ ಅಭ್ಯಾಸ ಮಾಡುವ ಈ ಹೆಣ್ಣುಮಕ್ಕಳ ತಂಡಕ್ಕೆ ಹೋಗುತ್ತಿದ್ದೆ. ಬಾಗಲಕೋಟೆ ಕಡೆಯ ಈ ರೇಡರಿಗೆ ಹದಿನೆಂಟು ದಿನ ಬಿಟ್ಟು, ಒಂದು ಶನಿವಾರ, ಸರ್ಕಾರಿ ಇಲಾಖೆಯೊಂದರ ಕ್ರೀಡಾ ಕೋಟಾ ನೌಕರಿಯ ಆಯ್ಕೆ ಇತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಅಂದರೆ ಇದೇ ಮೊದಲು, ಇದೇ ಕೊನೆ. ಇದು ಶೆಡ್ಡಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆಟೋದಲ್ಲಿ ಕೂತಾಗ ಸ್ಕೋರಿನ ನಂತರ ಅವಳಿಗೆ ನೆನಪಾದದ್ದೂ ಅದೇ. “ಶನಿವಾರಕ್ಕ ಇನ್ನೂ ಭಾಳ ದಿನ ಐತಲ್ರಿ ಮೇಡಂ?” ಎಂದು ಕೇಳಿ ನನ್ನ ದುಪಟ್ಟಾದ ಮೇಲೆ ವಾಂತಿ ಮಾಡಿಕೊಂಡಳು.

ಸ್ಕ್ಯಾನ್ ನಾರ್ಮಲ್ ಬಂತು. ಈ ‘ನಾರ್ಮಲ್’ ಎನ್ನುವ ಪದದಷ್ಟು ನನ್ನ ಕೆಲಸ ಕೆಡಿಸಿದ್ದು ಬೇರೊಂದಿಲ್ಲ. ನರರೋಗದ ಡಾಕ್ಟರು ಸಮಾಧಾನವಾಗಿಯೇ ವಿವರಿಸಿದರು: ಸ್ಕ್ಯಾನಿನಲ್ಲಿ ನೋಡುವುದು ರಕ್ತಸ್ರಾವ ಇದೆಯೇ, ಮೂಳೆ ಬಿರುಕು ಬಿಟ್ಟಿದೆಯೇ ಎಂದು. ಮಿದುಳು ಅಲುಗಾಡಿ ಆಗುವ ಪೆಟ್ಟು ಅದರಲ್ಲಿ ಕಾಣುವುದಿಲ್ಲ. ಅದನ್ನು ಲಕ್ಷಣದಿಂದಲೇ ಅಳೆಯಬೇಕು. ಅದು ಪೂರ್ತಿ ಇಳಿಯುವ ಮೊದಲು ಇನ್ನೊಂದು ಏಟು ಬಿದ್ದರೆ ಪರಿಣಾಮ ಕೆಟ್ಟದಾಗಬಹುದು. ಇಷ್ಟೆಲ್ಲದರಲ್ಲಿ ಜೊತೆಗೆ ಬಂದಿದ್ದ ಕೋಚ್ ಕಿವಿಗೆ ಹೋದದ್ದು ‘ನಾರ್ಮಲ್’ ಎಂಬ ಒಂದು ಪದ ಮಾತ್ರ. ಡಾಕ್ಟರು ಕೊನೆಗೆ ನನ್ನ ಕಡೆ ನೋಡಿ, “ಮೆಟ್ಟಿಲು ಮೆಟ್ಟಿಲಾಗಿ ನೀವೇ ಹತ್ತಿಸಿ. ನಿಮ್ಮ ವರದಿ ನೋಡಿ ನಾನು ಫಿಟ್‌ನೆಸ್‌ಗೆ ಸಹಿ ಹಾಕ್ತೀನಿ” ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆಯ ಗತಿ ಮುಂದೆ ಹೇಳುತ್ತೇನೆ.

ಮೊದಲ ಎರಡು ದಿನ ವಿಶ್ರಾಂತಿ ಎಂದು ಬರೆದುಕೊಟ್ಟಿದ್ದೆ. ಗುರುವಾರ ಬೆಳಿಗ್ಗೆ ಕುರುಬರಹಳ್ಳಿಗೆ ಹೋದೆ. ಅಲ್ಲಿ ಆರು ಜನ ಆಟಗಾರ್ತಿಯರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಒಳಗೆ ಕಾಲಿಟ್ಟರೆ ಏನೂ ಕಾಣುವುದಿಲ್ಲ. ಕಿಟಕಿಗೆ ಎರಡು ಕಂಬಳಿ ಬಡಿದಿದ್ದಾರೆ. ಮೂಲೆಯಲ್ಲಿ ಹುಡುಗಿ ಮಲಗಿದ್ದಾಳೆ, ತಲೆಗೆ ಸ್ಕಾರ್ಫು, ಎರಡೂ ಕಿವಿಗೆ ಹತ್ತಿ. ಪಕ್ಕದಲ್ಲಿ ಮೆಣಸಿನ ಸಾರು.

“ಇದೇನ್ರೇ ಇದು, ಬಾಣಂತನ ಮಾಡ್ತಾ ಇದೀರಾ?” ಎಂದೆ.

“ಮತ್ತೆ ನೀವೇ ರೆಸ್ಟು ಅಂದ್ರಲ್ಲ ಮೇಡಂ” ಎಂದಳು ಕ್ಯಾಪ್ಟನ್. ಅವಳು ರಾಜಾಜಿನಗರದ ಹುಡುಗಿ, ಬಾಯಿ ಸ್ವಲ್ಪ ಮುಂದು. “ಬಚ್ಚಲಿಗೂ ನಾವೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಾ ಇದೀವಿ.”

ನಗು ಬಂತು, ಕಣ್ಣಿಗೆ ನೀರೂ ಬಂತು. ಆರು ಜನದಲ್ಲಿ ಒಬ್ಬಳಿಗೂ ಇಪ್ಪತ್ತಾರು ದಾಟಿರಲಿಲ್ಲ. ಅವರ ಪ್ರೀತಿಗೆ ಏನು ಹೇಳುವುದು. ಕಂಬಳಿ ತೆಗೆಸಿದೆ, ಹತ್ತಿ ಎಸೆಸಿದೆ. ವಿಶ್ರಾಂತಿ ಎಂದರೆ ಕತ್ತಲೆ ಕೋಣೆಯಲ್ಲ. ಮೊಬೈಲು ಕಡಿಮೆ, ನಿದ್ದೆ ಚೆನ್ನಾಗಿ, ಮನೆಯೊಳಗೆ ಸಣ್ಣಪುಟ್ಟ ಓಡಾಟ, ತಲೆನೋವು ಹೆಚ್ಚದಿದ್ದರೆ ಬೀದಿಯಲ್ಲಿ ನಿಧಾನ ನಡಿಗೆ. ಸುಮ್ಮನೆ ವಾರಗಟ್ಟಲೆ ಮಲಗಿಸಿದರೆ ಗುಣವಾಗುವುದೂ ನಿಧಾನವಾಗುತ್ತದೆ. ಹೊರಡುವ ಮೊದಲು ಅವಳಿಗೊಂದು ಹಾಳೆ ಕೊಟ್ಟೆ. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಚುಚ್ಚುವುದು, ಮಂಕು, ನಿದ್ದೆ, ಬೇಸರ ಎಂದೆಲ್ಲ ಸಾಲುಗಳು. ಪ್ರತಿಯೊಂದಕ್ಕೂ ದಿನಾ ನಂಬರ್ ಹಾಕಬೇಕು. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಷ್ಟಿದ್ದರೆ ಆರು.

ಮುಂದಿನದು ನನ್ನ ದಿನನಿತ್ಯದ ಕೆಲಸ. ಮೊದಲು ಮಲ್ಲತ್ತಹಳ್ಳಿ ಕೆರೆಯ ಸುತ್ತ ಹತ್ತು ನಿಮಿಷ ನಡಿಗೆ, ಆಮೇಲೆ ಇಪ್ಪತ್ತು. ನಂತರ ಕ್ಲಿನಿಕ್ಕಿನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲು, ನಾಡಿ ಲೆಕ್ಕ ಹಿಡಿದು. ಅದು ಸರಿಹೋದರೆ ಸ್ವಲ್ಪ ಜೋರು. ಆಮೇಲೆ ಒಬ್ಬಳೇ ಓಟ, ಆಮೇಲೆ ಮೈಗೆ ಮೈ ತಾಗದ ಅಭ್ಯಾಸ. ಒಂದು ಮೆಟ್ಟಿಲಿಗೆ ಕನಿಷ್ಠ ಒಂದು ದಿನ. ಲಕ್ಷಣ ಜಾಸ್ತಿಯಾದರೆ ಒಂದು ಮೆಟ್ಟಿಲು ಕೆಳಗೆ. ಹಿಡಿತ, ಬೀಳುವುದು, ಪಂದ್ಯ, ಇವೆಲ್ಲ ಡಾಕ್ಟರ ಸಹಿಯ ನಂತರವೇ. ಜೊತೆಗೆ ನೆನಪಿನ ಪರೀಕ್ಷೆ: ಹತ್ತು ಪದ ಓದುತ್ತೇನೆ, ಅವಳು ತಿರುಗಿ ಹೇಳಬೇಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಬೇಕು.

ಈ ಪದಗಳ ಪಟ್ಟಿ ನಾನೇ ಮಾಡಿದ್ದು. ಇಂಗ್ಲಿಷ್ ಪದ ಓದಿದರೆ ಅರ್ಧ ಹುಡುಗಿಯರಿಗೆ ನೆನಪಿನ ಬದಲು ಇಂಗ್ಲಿಷಿನ ಪರೀಕ್ಷೆಯಾಗುತ್ತದೆ ಎಂದು ಒಂದು ಭಾನುವಾರ ಕೂತು ಕನ್ನಡದಲ್ಲಿ ಬರೆದಿದ್ದೆ. ಬಾಗಿಲು, ನವಿಲು, ಬೆಲ್ಲ, ಸೇತುವೆ, ಕೊಡೆ, ಹಗ್ಗ, ಗಡಿಯಾರ, ಮಲ್ಲಿಗೆ, ಕುರ್ಚಿ, ದೀಪ. ಸೀಸನ್ ಶುರುವಿನಲ್ಲಿ, ಎಲ್ಲರೂ ಗಟ್ಟಿಮುಟ್ಟಾಗಿದ್ದಾಗ, ಇದನ್ನೇ ಓದಿ ಪ್ರತಿಯೊಬ್ಬಳ ಅಂಕ ಬರೆದಿಟ್ಟಿದ್ದೆ. ಮುಂದೆ ಯಾರಿಗಾದರೂ ಏಟು ಬಿದ್ದರೆ ಹೋಲಿಸಿ ನೋಡಬಹುದಲ್ಲ ಎಂದು. ಆಗ ನಮ್ಮ ರೇಡರ್ ಹೇಳಿದ್ದು ಎಂಟು ಪದ. ಏಟು ಬಿದ್ದ ಸಂಜೆ ನಾಲ್ಕು. ನಂತರದ ಸೋಮವಾರ ಒಂಬತ್ತು. ಮುಂದಿನ ಶುಕ್ರವಾರ ಹತ್ತಕ್ಕೆ ಹತ್ತು. ಲಕ್ಷಣದ ಹಾಳೆಯಲ್ಲಿ ನಾಲ್ಕನೇ ದಿನದಿಂದಲೇ ಮೇಲಿಂದ ಕೆಳಗೆ ಬರೀ ಸೊನ್ನೆ.

ಏಟು ತಿಂದ ಮೇಲೆ ನೆನಪು ಮೊದಲಿಗಿಂತ ಚುರುಕಾಗಿದೆ! ಇದನ್ನು ನೋಡಿ ನನ್ನಂಥವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬಂದದ್ದು ಖುಷಿ. ಮನೆಯಲ್ಲಿ ಊಟದ ಹೊತ್ತಿಗೆ ಯಜಮಾನರ ಮುಂದೆ ಜಂಬ ಬೇರೆ ಕೊಚ್ಚಿಕೊಂಡೆ.

ಎರಡನೇ ಮಂಗಳವಾರ, ಅಂದರೆ ಹದಿನಾಲ್ಕನೇ ದಿನ, ಫೈಲನ್ನು ಮನೆಯಲ್ಲೇ ಬಿಟ್ಟು ಶೆಡ್ಡಿಗೆ ಬಂದಿದ್ದೆ. ಪಟ್ಟಿ ನೆನಪಿದೆಯಲ್ಲ ಎಂದು ಟೇಪಿನ ಖಾಲಿ ಡಬ್ಬದ ಮೇಲೆ ಹತ್ತು ಪದ ಗೀಚಿಕೊಂಡು ಓದಿದೆ. ಹುಡುಗಿ ಗೋಡೆ ನೋಡುತ್ತಾ ಸರಸರನೆ ಒಪ್ಪಿಸಿದಳು. ನಾನು ಒಂದೊಂದಕ್ಕೂ ಗುರುತು ಹಾಕುತ್ತಾ ಹೋದೆ. ಒಂಬತ್ತು ಸರಿ, ಒಂದು ತಪ್ಪು. ‘ಕನ್ನಡಿ’ ಎಂದು ನಾನು ಓದಿದ್ದಕ್ಕೆ ಅವಳು ‘ಗಡಿಯಾರ’ ಎಂದಿದ್ದಳು. ಪರವಾಗಿಲ್ಲ, ಒಂಬತ್ತು ಒಳ್ಳೆಯ ಅಂಕವೇ ಎಂದುಕೊಂಡೆ.

ಮನೆಗೆ ಬಂದು ಅಂಕ ಏರಿಸಲು ಫೈಲು ತೆರೆದೆ. ಏಳನೇ ಪದ ಗಡಿಯಾರ. ಕನ್ನಡಿ ಎಂಬುದು ಪಟ್ಟಿಯಲ್ಲೇ ಇಲ್ಲ! ನೆನಪಿನ ಪರೀಕ್ಷೆಯಲ್ಲಿ ಪದ ಮರೆತವಳು ನಾನು. ಅವಳು ಹೇಳಿದ್ದು ನಾನು ಓದಿದ ಪಟ್ಟಿಯನ್ನಲ್ಲ, ಫೈಲಿನಲ್ಲಿದ್ದ ಪಟ್ಟಿಯನ್ನು. ಫೈಲನ್ನು ಯಾರು ನೋಡಿದರು, ಯಾರು ತೋರಿಸಿದರು ಎಂದು ಮೈಯೆಲ್ಲ ಉರಿಯಿತು.

ಮರುದಿನ ನನ್ನ ವಾರವಲ್ಲ, ಆದರೂ ಸಂಜೆ ಶೆಡ್ಡಿಗೆ ಹೋದೆ. ಸ್ಕೂಟರ್ ನಿಲ್ಲಿಸುವಾಗಲೇ ಒಳಗಿನಿಂದ ದನಿ ಕೇಳಿತು. ಒಬ್ಬಳು ಉಸಿರು ಬಿಡದೆ, “ಬಾಗಿಲು ನವಿಲು ಬೆಲ್ಲ ಸೇತುವೆ ಕೊಡೆ ಹಗ್ಗ ಗಡಿಯಾರ ಮಲ್ಲಿಗೆ ಕುರ್ಚಿ ದೀಪ, ಬಾಗಿಲು ನವಿಲು…” ಎನ್ನುತ್ತಾ ಮ್ಯಾಟಿನ ಮೇಲೆ ಓಡಾಡುತ್ತಿದ್ದಾಳೆ. ಉಳಿದವರು ಬೆರಳು ಮಡಚಿ ಎಣಿಸುತ್ತಿದ್ದಾರೆ. “ಆರು ಸಲ ಆಯ್ತು ಕಣೇ, ಇನ್ನೊಂದು, ಇನ್ನೊಂದು!”

ನಾನು ಬಾಗಿಲಲ್ಲೇ ನಿಂತೆ. ಕ್ಯಾಪ್ಟನ್ ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

“ಮೇಡಂ, ಬೈಬೇಡಿ. ಇದು ದಮ್ಮು ಕಟ್ಟೋ ಪ್ರಾಕ್ಟೀಸು. ದಿನಾ ಕಬಡ್ಡಿ ಕಬಡ್ಡಿ ಅಂದ್ರೆ ಬೋರಾಗುತ್ತೆ ಅಂತ ನಿಮ್ಮ ಪದ ಹಾಕ್ಕೊಂಡ್ವಿ. ಸೀಸನ್ ಶುರುವಿಂದಾನೂ ಇದೇ. ಅವಳದ್ದೇ ರೆಕಾರ್ಡು, ಒಂದೇ ಉಸಿರಲ್ಲಿ ಒಂಬತ್ತು ಸಲ.”

ಅಯ್ಯೋ ಶಿವನೇ ಎಂದು ಅಲ್ಲೇ ಬೆಂಚಿನ ಮೇಲೆ ಕೂತೆ. ಫೈಲು ಯಾರೂ ಕದ್ದಿರಲಿಲ್ಲ. ಸೀಸನ್ ಶುರುವಿನಲ್ಲಿ ಹದಿನಾಲ್ಕು ಜನರನ್ನು ಒಂದೇ ಸಾಲಿನಲ್ಲಿ ಕೂರಿಸಿ, ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ ಗಟ್ಟಿ ದನಿಯಲ್ಲಿ, ಅದೇ ಹತ್ತು ಪದವನ್ನು ಹದಿನಾಲ್ಕು ಸಲ ಓದಿದ್ದು ನಾನೇ. ಸಾಲಿನ ಕೊನೆಯವರೆಲ್ಲ ಹತ್ತಕ್ಕೆ ಹತ್ತು ತೆಗೆದಾಗ ‘ಈ ಚಿಕ್ಕ ಹುಡುಗಿಯರು ಎಷ್ಟು ಚುರುಕು’ ಎಂದು ಬರೆದುಕೊಂಡಿದ್ದೂ ನಾನೇ. ಇಷ್ಟು ವರ್ಷ ಈ ಕೆಲಸ ಮಾಡಿದವಳು ಇಂಥ ಬೆಪ್ಪುತಕ್ಕಡಿಯಾದೆನಲ್ಲ ಎಂದು ನಾಚಿಕೆಯಾಯಿತು.

ರೇಡರನ್ನು ಕರೆದುಕೊಂಡು ಕೆರೆ ಕಡೆ ಹೊರಟೆ. ಅರ್ಧ ಸುತ್ತು ಆದ ಮೇಲೆ ಅವಳೇ ಶುರು ಮಾಡಿದಳು.

“ನಾ ಮೋಸ ಮಾಡಾಕ ಹೇಳಿಲ್ರಿ ಮೇಡಂ. ನೀವು ಬಾಗಿಲು ಅಂದ ಕೂಡ್ಲೇ ಉಳಿದಿದ್ದು ಬಾಯಿಗೆ ತಾನ ಬರತೈತ್ರಿ.”

“ಪದ ಬಿಡು, ಆ ತಪ್ಪು ನಂದು. ಸೊನ್ನೆಗಳು ಯಾರದ್ದು?”

ಅವಳು ತಲೆ ತಗ್ಗಿಸಿದಳು. ಕಾಲಿನಲ್ಲಿ ಒಂದು ಕಲ್ಲು ತಳ್ಳಿಕೊಂಡು ನಡೆದಳು. ಆಮೇಲೆ ಒಂದೊಂದಾಗಿ ಹೇಳಿದಳು. ಬಸ್ಸಿನಲ್ಲಿ ಕೂತರೆ ಕಿಟಕಿಯಾಚೆ ಎಲ್ಲ ಗಿರ್ರನೆ ತಿರುಗಿದ ಹಾಗೆ. ಸಂಜೆಯಾದರೆ ಕಣ್ಣ ಹಿಂದೆ ನೋವು. ಥಟ್ಟನೆ ಹಿಂದಕ್ಕೆ ತಿರುಗಿದರೆ ನೆಲ ಜಾರುತ್ತದೆ.

“ಇದನ್ನ ಹೇಳಕ್ಕೆ ಏನಾಗಿತ್ತೇ ನಿಂಗೆ?” ದನಿ ಏರಿತು. ಕೆರೆಯ ದಂಡೆಯಲ್ಲಿ ವಾಕಿಂಗ್ ಬಂದಿದ್ದವರು ತಿರುಗಿ ನೋಡಿದರು.

“ಹೇಳಿದ್ರ ನೀವು ಸಹಿ ಕೊಡಂಗಿಲ್ಲಲ್ರಿ. ಈ ನೌಕರಿ ಸಿಕ್ರ ಇನ್ನೊಂದ್ ಐದಾರ್ ವರ್ಷ ಆಡ್ತೀನ್ರಿ. ಸಿಗಲಿಲ್ಲಂದ್ರ ಆಟ ಬಿಟ್ಟು ಊರಿಗೆ ಬಾ, ಲಗ್ನ ಮಾಡ್ತೀವಿ ಅಂತ ಮನ್ಯಾಗ ಗಟ್ಟಿ ಹೇಳ್ಯಾರ್ರಿ. ನನಗ ಆಡೂದ್ ಬಿಟ್ರ ಮತ್ತೇನ್ ಬರತೈತ್ರಿ?”

ಅವಳ ಮೇಲೆ ಸಿಟ್ಟಿತ್ತು, ಅದಕ್ಕಿಂತ ಜಾಸ್ತಿ ಸಂಕಟವಿತ್ತು. ಅವಳ ಜಾಗದಲ್ಲಿದ್ದಿದ್ದರೆ ನಾನೂ ಸೊನ್ನೆಯೇ ಹಾಕುತ್ತಿದ್ದೆ. ಅಂದೇ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದೆಲ್ಲ ಒಪ್ಪಿಸಿದೆ. ಹೊಸ ಪಟ್ಟಿ ಬರೆದು ಮರುದಿನ ಕ್ಲಿನಿಕ್ಕಿನಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಐದು ಪದ ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಎರಡು. ಎರಡು ವಾರದಿಂದ ನಾನು ಹತ್ತಿಸಿದ ಮೆಟ್ಟಿಲುಗಳೆಲ್ಲ ಸುಳ್ಳು ಲೆಕ್ಕದ ಮೇಲೆ ನಿಂತಿದ್ದವು. ಮತ್ತೆ ನಡಿಗೆಯಿಂದಲೇ ಶುರು ಮಾಡಬೇಕಿತ್ತು.

ಶುಕ್ರವಾರ ಸಂಜೆ ಕೋಚ್ ಫಿಟ್‌ನೆಸ್ ಫಾರಂ ಹಿಡಿದು ಶೆಡ್ಡಿನ ಬಾಗಿಲಲ್ಲೇ ಕಾಯುತ್ತಿದ್ದರು.

“ಅಲ್ಲಾ ಮೇಡಂ, ಸ್ಕ್ಯಾನಲ್ಲಿ ಏನೂ ಇಲ್ಲ ಅಂದಿದಾರೆ. ನಾಳೆ ಒಂದು ದಿನ ಆಡ್ಬಿಡ್ಲಿ. ಆಮೇಲೆ ತಿಂಗಳುಗಟ್ಲೆ ನಿಮ್ಮ ಹತ್ರಾನೇ ಬಿಡ್ತೀನಿ, ಏನ್ ಬೇಕಾದ್ರೂ ಮಾಡಿ.”

“ನಾಳೆ ಅದೇ ಜಾಗಕ್ಕೆ ಇನ್ನೊಂದು ಬಿದ್ರೆ?”

“ನಾನು ಆಡೋ ಕಾಲದಲ್ಲಿ ಎಷ್ಟು ಬಿದ್ದಿಲ್ಲ? ನೀವು ಬರೆದುಕೊಡದಿದ್ರೆ ಬೇರೆ ಡಾಕ್ಟ್ರ ಹತ್ರ ಸಹಿ ಹಾಕಿಸ್ತೀನಿ. ಹತ್ತು ನಿಮಿಷದ ಕೆಲಸ. ಅವಳ ಜೀವನದ ಪ್ರಶ್ನೆ ಇದು.”

ಅವರು ಕೆಟ್ಟವರಲ್ಲ. ಈ ಹುಡುಗಿಗೆ ಬೆಂಗಳೂರಿನಲ್ಲಿ ಒಂದು ತಟ್ಟೆ ಊಟ, ಒಂದು ಮ್ಯಾಟು ಹೊಂದಿಸಿಕೊಟ್ಟವರೇ ಅವರು. ಹತ್ತು ನಿಮಿಷದ ಕೆಲಸ ಎಂದದ್ದೂ ನಿಜವೇ. ನಾನು ಆಗುವುದಿಲ್ಲ ಎಂದರೆ ನನ್ನ ಕೈ ತೊಳೆದುಕೊಂಡ ಹಾಗಾಗುತ್ತಿತ್ತು, ಅವಳು ನಾಳೆ ಆಡುವುದು ತಪ್ಪುತ್ತಿರಲಿಲ್ಲ. ಅದನ್ನು ಯೋಚಿಸಿಯೇ ನಾನು ಒಂದು ಕೆಲಸ ಮಾಡಿದೆ. ಯಾವ ನಿಯಮದಲ್ಲೂ ಇಲ್ಲದ್ದು. ಇನ್ನೊಬ್ಬರು ಹೀಗೆ ಮಾಡಿದ್ದರೆ ಲಕ್ಷಣ ಇರುವವಳನ್ನು ಯಾಕೆ ದಣಿಸಿದಿರಿ ಎಂದು ನಾನೇ ಬೈಯುತ್ತಿದ್ದೆ.

“ಸರಿ. ಎಲ್ಲರೂ ಮ್ಯಾಟಿಂದ ಇಳೀರಿ” ಎಂದೆ. “ಇವಳೊಬ್ಬಳೇ ಒಂದು ರೇಡ್ ಹಾಕ್ಲಿ. ಎದುರಿಗೆ ಯಾರೂ ಬೇಡ. ಬಾಯಲ್ಲಿ ಕಬಡ್ಡಿ, ಪೂರ್ತಿ ಮೂವತ್ತು ಸೆಕೆಂಡು, ಆಮೇಲೆ ಮಧ್ಯದ ಗೆರೆ ದಾಟಿ ವಾಪಸ್ಸು. ಅಷ್ಟೇ. ಮಾಡಿದ್ರೆ ಡಾಕ್ಟ್ರ ಕಾಲಾದ್ರೂ ಹಿಡಿದು ಸಹಿ ನಾನೇ ತರ್ತೀನಿ. ಆಗಲಿಲ್ಲ ಅಂದ್ರೆ ನೀವು ಇನ್ಯಾರ ಹತ್ರಾನೂ ಹೋಗಬಾರದು.”

ಕೋಚ್ ನಕ್ಕರು. ಖಾಲಿ ಮ್ಯಾಟಿನಲ್ಲಿ ಒಂದು ರೇಡ್, ಅವಳಿಗೆ ಅದೇನು ದೊಡ್ಡದು. ಹುಡುಗಿಯ ಮುಖ ಅರಳಿತು. ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡು ನುಗ್ಗಿದಳು. ನಾನು ಪಕ್ಕದಲ್ಲೇ, ಬಿದ್ದರೆ ಹಿಡಿಯುವಷ್ಟು ಹತ್ತಿರ ನಡೆದೆ. ಕ್ಯಾಪ್ಟನ್ ಮೊಬೈಲು ಹಿಡಿದು ಸೆಕೆಂಡು ಕೂಗುತ್ತಿದ್ದಳು. ಹತ್ತರವರೆಗೆ ಚೆನ್ನಾಗಿತ್ತು. ಆ ಕಾಲಾಟ ನೋಡಿ ನನ್ನ ಮನಸ್ಸೂ ಒಂದು ಗಳಿಗೆ ‘ಆಗಲಿ ದೇವರೇ’ ಎಂದಿತು. ಹದಿನೈದರ ಹೊತ್ತಿಗೆ ಮುಖ ಬಿಳಿಚಿತು. ಹದಿನೆಂಟಕ್ಕೆ ಮೂಲೆಯಲ್ಲಿ ಸರಕ್ಕನೆ ತಿರುಗಿದಳು. ಅವಳ ಹೆಸರುವಾಸಿ ತಿರುವು ಅದು. ದನಿ ತಡವರಿಸಿತು. ಎರಡು ಹೆಜ್ಜೆ ಓರೆಯಾಗಿ ಇಟ್ಟು, ಸಾವರಿಸಿಕೊಂಡು, ತಲೆ ತಗ್ಗಿಸಿ ಜೋರಾಗಿ ಓಡಿದಳು. ಮಧ್ಯದ ಗೆರೆಯ ಕಡೆಗಲ್ಲ. ಎದುರಾಳಿಯ ಕೊನೆಯ ಗೆರೆಯ ಕಡೆಗೆ.

ಅದನ್ನು ದಾಟಿ, ಕೈ ಮೇಲೆತ್ತಿ ನಿಂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಮುಖಗಳನ್ನು ನೋಡಿದಳು, ಕಾಲ ಕೆಳಗೆ ನೋಡಿದಳು. ಕೈ ಮೆಲ್ಲಗೆ ಇಳಿಯಿತು.

“ಮೇಡಂ,” ಎಂದಳು, “ನಮ್ಮ ಕಡಿ ಯಾವುದ್ರಿ?”

ಕೋಚ್ ಮ್ಯಾಟಿನ ಮೇಲೆ ಚಪ್ಪಲಿಯಲ್ಲಿ ಯಾರನ್ನೂ ಬಿಡದವರು, ಚಪ್ಪಲಿಯಲ್ಲೇ ನಡೆದು ಹೋಗಿ ಅವಳ ಭುಜ ಹಿಡಿದು ಕರೆತಂದರು. “ಬಾ ಮಗಳೇ, ಈ ಕಡೆ” ಎಂದರು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಫಾರಂ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಹೋಗಿ ನಿಂತರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಬರುವುದಿಲ್ಲ ಎಂದುಕೊಂಡೇ ಕೆರೆಯ ಗೇಟಿಗೆ ಹೋದೆ. ನನಗಿಂತ ಮೊದಲೇ ಬಂದು ನಿಂತಿದ್ದಳು. ಕಣ್ಣು ಕೆಂಪಗೆ ಊದಿದ್ದವು. ಹತ್ತು ನಿಮಿಷ ನಡೆದೆವು, ಮೊದಲ ದಿನದ ಹಾಗೆ, ನಿಧಾನವಾಗಿ. ಆಯ್ಕೆ ಶುರುವಾಗುವ ಹೊತ್ತಿಗೆ ಕಲ್ಲು ಬೆಂಚಿನ ಮೇಲೆ ಕೂತು ನಾನು ಹಾಳೆ ತೆಗೆದೆ. ಈ ಸಲ ಅವಳ ಕೈಗೆ ಕೊಡಲಿಲ್ಲ. ನಾನೇ ಓದುತ್ತಾ ಹೋದೆ.

“ತಲೆನೋವು?”

“ಮೂರು ರೀ.”

“ತಲೆಸುತ್ತು?”

“ನಾಕು. ಅಲ್ರಿ, ಮೂರು. ಖರೇನ ಮೂರು.”

“ವಾಕರಿಕೆ?”

“ಒಂದು.”

ಹೀಗೆ ಒಂದೊಂದೇ ಇಳಿದು ಕೊನೆಯ ಸಾಲಿಗೆ ಬಂದೆ. ಇಷ್ಟು ದಿನ ಅವಳು ಸೊನ್ನೆ ಹಾಕಿ ದಾಟಿದ್ದ ಸಾಲು. ಓದಲು ನನಗೇ ಧೈರ್ಯ ಬರಲಿಲ್ಲ. ಅವಳೇ ಬಗ್ಗಿ ಹಾಳೆ ನೋಡಿ, ಬೆರಳಿಟ್ಟು ತೋರಿಸಿದಳು.

“ಇದು ಬಿಟ್ರಲ್ರಿ. ಬೇಸರ.”

“ಎಷ್ಟು ಹಾಕ್ಲಿ?”

“ಆರಕ್ಕಿಂತ ಮ್ಯಾಲೆ ಇಲ್ಲೇನ್ರಿ?”

“ಇಲ್ಲಮ್ಮ.”

“ಹಂಗಾದ್ರ ಆರ ಹಾಕ್ರಿ” ಎಂದಳು. ನಾನು ಆರು ಎಂದು ಬರೆದೆ.